ಜಟ್ಟಣ್ಣನ ಬಲಗಿವಿ

ಬಾಡ ಎಂಬ ಊರಿನ ಜಟ್ಟಣ್ಣನ ಬಲಗಿವಿ ಕೇಳುವುದಿಲ್ಲ ಎಂಬ ಸಂಗತಿ ಬಹಳ ವರ್ಷ ಅವನ ಹೆಂಡತಿ ದುರ್ಗಮ್ಮನಿಗೆ ಮಾತ್ರ ಗೊತ್ತಿತ್ತು. ಹೋದ ದೀಪಾವಳಿ ಕಳೆದ ಮೇಲೆ ನನಗೂ ಗೊತ್ತಾಯಿತು. ಅವತ್ತಿನಿಂದ ನನ್ನ ನೆಮ್ಮದಿ ಹಾಳಾಯಿತು. ಯಾಕೆಂದರೆ ಅದೇ ಹೊತ್ತಿಗೆ ಅವನು ನಮ್ಮ ಹಳೇ ಬ್ಯಾಂಡಿನ ಆಲ್ಬಮ್ಮನ್ನು ಸರೌಂಡ್ ಸೌಂಡಿಗೆ ಹೊಸದಾಗಿ ಮಿಕ್ಸ್ ಮಾಡುತ್ತಿದ್ದ. ಕೇಳುವವನ ಸುತ್ತ ಐದು ಸ್ಪೀಕರ್ ಇಟ್ಟು, ಯಾವ ವಾದ್ಯ ಯಾವ ದಿಕ್ಕಿನಿಂದ ಬರಬೇಕು ಎಂದು ತೀರ್ಮಾನಿಸುವ ಕೆಲಸ ಅದು. ಒಂದೇ ಕಿವಿಯವನಿಗೆ ಶಬ್ದ ಕೇಳುತ್ತದೆ, ಆದರೆ ಅದು ಬಂದ ದಿಕ್ಕು ತಿಳಿಯುವುದಿಲ್ಲ.

ಬ್ಯಾಂಡಿನ ಹೆಸರು ಉಪ್ಪುನೀರು. ಹೊಳನಗದ್ದೆಯ ವಿಶ್ವನಾಥ ಗಿಟಾರು, ದಿವ್ಯಶ್ರೀ ಹಾಡು, ಸಂತೋಷ ಡ್ರಮ್ಸ್, ಕೀಬೋರ್ಡಿಗೆ ನಾನು, ಅಂದರೆ ವಿಭಾ. ನಮ್ಮದು ಪ್ರೋಗ್ರೆಸಿವ್ ರಾಕ್. ಹಾಗಂದರೆ ಎಂತದು ಎಂದು ಕೇಳಿದವರಿಗೆಲ್ಲ ನಾನು ಹೇಳುತ್ತಿದ್ದದ್ದು ಇಷ್ಟೇ: ಹಾಡು ಮುಗಿಯಿತೆಂದು ನೀವು ಚಪ್ಪಾಳೆ ತಟ್ಟುವಾಗ ಅದರ ಎರಡನೇ ಭಾಗ ಶುರುವಾಗುತ್ತದೆ. ಭಟ್ಕಳದಲ್ಲಿ ಒಮ್ಮೆ ಜನ ಮೂರು ಸಲ ಚಪ್ಪಾಳೆ ತಟ್ಟಿ, ನಾಲ್ಕನೇ ಸಲಕ್ಕೆ ಚಪ್ಪಲಿ ಹುಡುಕಿ ಎದ್ದು ಹೋಗಿದ್ದರು. ಆದರೂ ಹುಬ್ಬಳ್ಳಿ, ಮಂಗಳೂರು, ಪುಣೆ ಎಂದು ಬಾಡಿಗೆ ಟೆಂಪೋದಲ್ಲಿ ಊರೂರು ಸುತ್ತಿದೆವು. ಕೊಬ್ಬು ಬಹಳ ಇತ್ತು ನಮಗೆ.

ಜಟ್ಟಣ್ಣ ನಮ್ಮ ಸೌಂಡಿನವನು. ಮೊದಲು ಹೊನ್ನಾವರದ ಬಂದರಿನಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುತ್ತಿದ್ದ. ಇಂಜಿನ್ನಿಗೆ ಸ್ಕ್ರೂಡ್ರೈವರಿನ ತುದಿ ಆನಿಸಿ, ಅದರ ಹಿಡಿಗೆ ಬಲಗಿವಿ ಒತ್ತಿ, ಒಳಗಿನ ಕಾಯಿಲೆ ಏನೆಂದು ಹೇಳುವುದು ಅವನ ಅಭ್ಯಾಸ. ನಮ್ಮ ಜೊತೆ ಸೇರಿದ ಮೇಲೆ ಸ್ಪೀಕರಿಗೂ ಅದೇ ಮದ್ದು. ಎಲ್ಲಿಯಾದರೂ ಗುಂಯ್ ಎಂದರೆ ಮಂಡಿಯೂರಿ ಕೂತು, ಅದರ ಬಾಯಿಗೇ ಕಿವಿ ಕೊಡುತ್ತಿದ್ದ. ಬೇಡ ಎಂದು ನಾವು ಯಾರೂ ಹೇಳಲಿಲ್ಲ. ಅವನ ಕಿವಿ ನಮ್ಮ ಸಾಮಾನಿನಲ್ಲೇ ಒಂದು ಎಂದು ತಿಳಿದಿದ್ದೆವೋ ಏನೋ.

ಆಲ್ಬಂ ಬಂದಾಗ ಕವರಿನ ಮೇಲೆ ನಮ್ಮ ನಾಲ್ಕೂ ಜನರ ಹೆಸರಿತ್ತು, ಜಟ್ಟಣ್ಣನದ್ದು ಇರಲಿಲ್ಲ. ಅವನು ಕೇಳಲೂ ಇಲ್ಲ. ಮರುವರ್ಷ ಗೋವಾದಲ್ಲಿ ಕಾರ್ಯಕ್ರಮಕ್ಕೆ ಮೊದಲು ವಿಶ್ವನಾಥನಿಗೂ ದಿವ್ಯಶ್ರೀಗೂ ಜಗಳ ಹತ್ತಿತು. ಮದುವೆಯಾಗಬೇಕಿದ್ದವರು. ಅವಳ ಕೊನೆಯ ಚರಣ ಕತ್ತರಿಸಿ ತನ್ನ ಗಿಟಾರು ಉದ್ದ ಮಾಡಿದ್ದ ಮಹಾನುಭಾವ. ಅವಳು ಮೈಕು ಇಟ್ಟು ಹೊರಟೇಬಿಟ್ಟಳು. ಉಪ್ಪುನೀರು ಅಲ್ಲಿಗೆ ಮುಗಿಯಿತು.

ಈಗ ಮುಂಬೈಯ ಒಂದು ಕಂಪನಿ ಆ ಆಲ್ಬಮ್ಮನ್ನು ಮತ್ತೆ ಹೊರತರುತ್ತೇನೆ ಎಂದಿತು. ಅವರ ಹತ್ತಿರ ಅವರದೇ ಇಂಜಿನಿಯರ್ ಇದ್ದ. ಕುಮಟಾದಲ್ಲಿ ಬ್ಯಾಂಕಿನ ಕೆಲಸದಲ್ಲಿರುವ ವಿಶ್ವನಾಥ ಹಟ ಹಿಡಿದ: "ಜಟ್ಟ ಮಾಡಿದ್ರೆ ಆತು, ಇಲ್ದಿದ್ರೆ ಬ್ಯಾಡ." ಈ ಸಲ ಕವರಿನ ಮೇಲೆ ಹೆಸರು ಬರುತ್ತದೆ ಎಂದು ಜಟ್ಟಣ್ಣ ಮನೆಯ ಪಕ್ಕದ ಬಲೆ ಇಡುವ ಕೋಣೆ ಖಾಲಿ ಮಾಡಿ, ಗೋಡೆಗೆ ಹಳೇ ಹಾಸಿಗೆ ಹೊಡೆದು, ಸ್ಪೀಕರ್ ತಂದು ನಿಲ್ಲಿಸಿದ.

ನಾನು ನೋಡಲು ಹೋದ ದಿನ ಅವನು ಹೆಡ್‌ಫೋನಿನ ಎಡಗಡೆಯದ್ದನ್ನು ಮಾತ್ರ ಕಿವಿಗೆ ಒತ್ತಿಕೊಂಡು, ಒಂದೊಂದೇ ವಾದ್ಯವನ್ನು ಬಿಡಿಬಿಡಿಯಾಗಿ ಕೇಳುತ್ತಿದ್ದ. ಬಲಕ್ಕೆ ನಿಂತು ಕರೆದೆ. ಮತ್ತೆ ಕರೆದೆ. ತಿರುಗಲಿಲ್ಲ. ಭುಜ ಮುಟ್ಟಿದಾಗ ಬೆಚ್ಚಿಬಿದ್ದ. ನನ್ನ ಮುಖ ನೋಡಿಯೇ ಅವನಿಗೆ ಗೊತ್ತಾಯಿತು.

"ಯಾರ ಹತ್ರನೂ ಹೇಳೂಕೆ ಹೋಗ್ಬೇಡ ವಿಭಾ," ಎಂದ. "ವಿಶ್ವನಾಥನ ಹತ್ರ ಅಂತೂ ಬ್ಯಾಡ್ವೇ ಬ್ಯಾಡ."

"ಹ್ಯಾಂಗಾತು ಜಟ್ಟಣ್ಣ?"

"ಎಂತದೋ ಶೀತ."

ಶೀತಕ್ಕೆ ಕಿವಿ ಹೋಗುವುದನ್ನು ನಾನಂತೂ ಕಂಡಿಲ್ಲ. ದುರ್ಗಮ್ಮನನ್ನು ಅಂಗಳದಲ್ಲಿ ಹಿಡಿದೆ. ಒಣಗಲು ಹಾಕಿದ ಮೀನು ತಿರುವಿ ಹಾಕುತ್ತ ಅವಳು ಹೇಳಿದಳು. ಗೋವಾದಲ್ಲಿ ಜಗಳದ ಹೊತ್ತಿಗೆ ಜಟ್ಟಣ್ಣ ಸ್ಪೀಕರಿಗೆ ಕಿವಿಯೊತ್ತಿ ಕೂತಿದ್ದನಂತೆ. ವಿಶ್ವನಾಥ ಸಿಟ್ಟಿನಲ್ಲಿ ಗಿಟಾರಿನ ವಯರು ಕಿತ್ತು, ವಾಲ್ಯೂಮ್ ತಗ್ಗಿಸದೆ ಮತ್ತೆ ಚುಚ್ಚಿದ. ಸ್ಪೀಕರಿನ ಆ ಕಿರುಚಾಟ ನನಗೂ ನೆನಪಿದೆ. ನಾವೆಲ್ಲ ಕಿವಿ ಮುಚ್ಚಿಕೊಂಡು ಬೈದುಕೊಂಡಿದ್ದೆವು. ಜಟ್ಟಣ್ಣ ಎದ್ದು ಸುಮ್ಮನೆ ವಯರು ಸುತ್ತಿದ್ದ. ವಿಶ್ವನಾಥನಿಗೆ ತಿಳಿದರೆ ಅವನು ಮತ್ತೆ ಗಿಟಾರು ಮುಟ್ಟುವುದಿಲ್ಲ ಎಂದು ಜಟ್ಟಣ್ಣನ ಹೆದರಿಕೆ. ಕೆಲಸ ಮುಂಬೈಗೆ ಹೋಗುತ್ತದೆ ಎಂಬ ಹೆದರಿಕೆ ಬೇರೆ. ಅವೆರಡನ್ನೂ ಅವತ್ತು ನನ್ನ ತಲೆಗೂ ಕಟ್ಟಿದರು.

ಆಮೇಲೆ ವಿಶ್ವನಾಥನ ಫೋನು ಬಂದರೆ ಎತ್ತುತ್ತಿರಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತ ನಡುವೆಯೇ ನಿಂತುಬಿಡುತ್ತಿದ್ದೆ. ಹೇಳಿದರೆ ಜಟ್ಟಣ್ಣನ ಹೊಟ್ಟೆಗೆ ಹೊಡೆದಂತೆ, ಹೇಳದಿದ್ದರೆ ಹಾಳಾದ ಮಿಕ್ಸ್ ಲೋಕಕ್ಕೆಲ್ಲ ಕೇಳುತ್ತದೆ. ಕೊನೆಗೂ ಹೇಳಲಿಲ್ಲ.

ಎಲ್ಲರೂ ಕೂತು ಕೇಳುವುದಕ್ಕೆ ಒಂದು ಭಾನುವಾರ ಗೊತ್ತು ಮಾಡಿದೆವು. ದುಬೈಯಲ್ಲಿರುವ ಸಂತೋಷ, ನೀವೇ ಕೇಳಿ ಎಂದ. ದಿವ್ಯಶ್ರೀ ಹೊನ್ನಾವರದಿಂದ ಬಂದಳು. ವಿಶ್ವನಾಥನ ಮುಖ ನೋಡದೆ ಕೂತಳು. ಅವನು ನಡುವಿನ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದ. ಜಟ್ಟಣ್ಣ ಬಟನ್ ಒತ್ತಿ ಪಕ್ಕದ ಕುರ್ಚಿಯಲ್ಲಿ ಕೂತ.

ಹಾಡು ಶುರುವಾಯಿತು. ದಿವ್ಯಶ್ರೀಯ ದನಿ ನಮ್ಮ ಬೆನ್ನ ಹಿಂದಿನಿಂದ ಬಂತು. ಡ್ರಮ್ಸೂ ಹಿಂದೆ. ಹಿಂದೆ ಇರಬೇಕಾದ ಸಮುದ್ರದ ಮೊರೆತ ಮೂಗಿನ ಎದುರಿಗೆ. ದಿವ್ಯಶ್ರೀ ಹಿಂದೆ ತಿರುಗಿದಳು. ವಿಶ್ವನಾಥ ಕಣ್ಣು ಬಿಟ್ಟ. ಜಟ್ಟಣ್ಣ ಮಾತ್ರ ನೆಟ್ಟಗೆ ಮುಂದೆ ನೋಡುತ್ತ, ತೊಡೆಯ ಮೇಲೆ ತಾಳ ಹಾಕುತ್ತಿದ್ದ. ನನಗೆ ಅಲ್ಲಿಂದ ಓಡಿ ಹೋಗೋಣ ಎನಿಸಿತು.

ವಿಶ್ವನಾಥ ಹಾಡು ನಿಲ್ಲಿಸಿದ. "ಎಂತ ಮಾರಾಯ, ಹಿಂದಿದ್ದು ಮುಂದೆ, ಮುಂದಿದ್ದು ಹಿಂದೆ ಆಗ್ಯದೆ?"

ಜಟ್ಟಣ್ಣ ಎದ್ದು ವಯರು ನೋಡಿದ, ಸ್ಕ್ರೀನು ನೋಡಿದ. ಆಗ ಬಾಗಿಲಲ್ಲಿದ್ದ ದುರ್ಗಮ್ಮ ಬಾಯಿ ಮೇಲೆ ಸೆರಗು ಇಟ್ಟುಕೊಂಡಳು. ಮೊದಲ ದಿನ ಜಟ್ಟಣ್ಣ ಮೇಜನ್ನು ತೆಂಕಣ ಗೋಡೆಗೆ ಹಾಕಿ, ಸ್ಪೀಕರ್‌ಗಳನ್ನೂ ಅದಕ್ಕೆ ತಕ್ಕಂತೆ ನಿಲ್ಲಿಸಿದ್ದನಂತೆ. "ತೆಂಕ ಮುಖ ಮಾಡಿ ಕೂತು ಒಳ್ಳೆ ಕೆಲ್ಸ ಶುರು ಮಾಡ್ತ್ರಾ ಯಾರಾದ್ರೂ?" ಎಂದು ಅವಳೇ ಗಲಾಟೆ ಮಾಡಿ ಮೇಜು ಕುರ್ಚಿಗಳನ್ನು ಬಡಗಕ್ಕೆ ತಿರುಗಿಸಿದ್ದಳು. ಸ್ಪೀಕರ್‌ಗಳನ್ನು ಆಮೇಲೆ ತಿರುಗಿಸಿದರಾಯಿತು ಎಂದು ಬಿಟ್ಟವನು ಮರೆತ. ಎರಡು ಕಿವಿ ಇದ್ದವನಿಗೆ ಮೊದಲ ಹಾಡಿನಲ್ಲೇ ತಿಳಿಯುತ್ತಿತ್ತು.

"ನಿಂಗೆ ಗೊತ್ತೇ ಆಗ್ಲಿಲ್ವಾ ಜಟ್ಟ?" ವಿಶ್ವನಾಥ ಕೇಳಿದ.

ಜಟ್ಟಣ್ಣ ನನ್ನನ್ನು ನೋಡಿದ. ನಾನು ನೆಲ ನೋಡಿದೆ.

"ಅವ್ರಿಗೆ ಬಲಗಿವಿ ಇಲ್ಲ," ಎಂದಳು ದುರ್ಗಮ್ಮ. "ಗೋವಾದಿಂದ ಬಂದ ದಿನದಿಂದ ಇಲ್ಲ."

"ನೀ ಸುಮ್ನಿರೆ!" ಎಂದು ಜಟ್ಟಣ್ಣ ಗದರಿದ. "ಶೀತ ಅದು, ಶೀತ."

ವಿಶ್ವನಾಥ ಸ್ಪೀಕರ್ ನೋಡಿದ, ಜಟ್ಟಣ್ಣನ ಕಿವಿ ನೋಡಿದ. ಅವನಿಗೆ ಎಲ್ಲ ನೆನಪಾಗುತ್ತಿದೆ ಎಂದು ನನಗೆ ಗೊತ್ತಾಯಿತು.

ಎದ್ದು ಕುರ್ಚಿಗಳನ್ನು ತೆಂಕಕ್ಕೆ ತಿರುಗಿಸಿದವಳು ದಿವ್ಯಶ್ರೀ. "ಈಗ ಹಾಕು ಜಟ್ಟಣ್ಣ," ಎಂದಳು. ಮೊದಲಿನಿಂದ ಕೊನೆಯವರೆಗೆ ಕೇಳಿದೆವು. ಪ್ರತಿಯೊಂದೂ ಇರಬೇಕಾದ ಜಾಗದಲ್ಲಿತ್ತು. ಒಂದೊಂದನ್ನೇ ಒಂದೇ ಕಿವಿಯಲ್ಲಿ ಕೇಳಿ, ನಾವು ಸ್ಟೇಜಿನ ಮೇಲೆ ನಿಲ್ಲುತ್ತಿದ್ದ ಜಾಗ ನೆನಪು ಮಾಡಿಕೊಂಡು ಇಟ್ಟಿದ್ದನಂತೆ. ದಿವ್ಯಶ್ರೀ ಅತ್ತಳು. "ಇದನ್ನೇ ಕಳಿಸೂದು. ಹೆಸ್ರು ಹಾಕೂದು ಮರೀಬೇಡಿ," ಎಂದಳು. ವಿಶ್ವನಾಥ ತಲೆಯಾಡಿಸಿದ, ಅಷ್ಟೇ.

ದುರ್ಗಮ್ಮ ಊಟಕ್ಕೆ ಕರೆದಳು. ದಿವ್ಯಶ್ರೀ ಹೊರಗೆ ಹೋದಳು. ನಾನು ಚಪ್ಪಲಿ ಹಾಕಿಕೊಳ್ಳುತ್ತ ಬಾಗಿಲಲ್ಲಿದ್ದೆ. ಜಟ್ಟಣ್ಣ ಬಗ್ಗಿ ಸ್ಕ್ರೀನಿನಲ್ಲಿ ಏನನ್ನೋ ಸರಿಪಡಿಸುತ್ತಿದ್ದ. ವಿಶ್ವನಾಥ ಕುರ್ಚಿ ಎಳೆದುಕೊಂಡು ಅವನ ಬಲಕ್ಕೆ ಕೂತ. ಆಮೇಲೆ ಆ ಕಿವಿಯ ಹತ್ತಿರ ಬಗ್ಗಿ, ಸಣ್ಣ ದನಿಯಲ್ಲಿ, "ನನ್ನಿಂದ ಆತು ಜಟ್ಟ, ತಪ್ಪಾತು," ಎಂದ. ಜಟ್ಟಣ್ಣ ಸ್ಕ್ರೀನು ನೋಡುತ್ತಲೇ ಇದ್ದ. ಅವನಿಗೆ ಕೇಳುವುದಿಲ್ಲ ಎಂದು ಗೊತ್ತಿದ್ದೇ ಇವನು ಅಲ್ಲಿ ಕೂತದ್ದು. ನನಗೆ ಮೈಯೆಲ್ಲ ಉರಿಯಿತು.

ನಾನು ಬಾಯಿ ತೆರೆಯುವ ಮೊದಲೇ ನನ್ನ ಹಿಂದಿನಿಂದ ದುರ್ಗಮ್ಮನ ದನಿ ಬಂತು. "ವಿಶ್ವನಾಥಣ್ಣ, ಆ ಬದಿಗೆ ಕೂತು ಹೇಳಿದ್ದು ಅವ್ರಿಗೆ ಮುಟ್ಟೂದಿಲ್ಲ. ಈಚೆ ಬದಿಗೆ ಬಂದು ಹೇಳಿ."

ವಿಶ್ವನಾಥ ಎದ್ದು, ಜಟ್ಟಣ್ಣನ ಬೆನ್ನ ಹಿಂದಿನಿಂದ ಸುತ್ತಿಕೊಂಡು, ಎಡಕ್ಕೆ ಬಂದ.