ರಂಪಣಿ ಎಳೆದ ಇಟಲಿಯ ನಟ

ಕಾರವಾರದ ಕಡಲತೀರದಲ್ಲಿ ರಂಪಣಿ ಬಲೆ ಎಳೆಯುತ್ತಿದ್ದವರ ಸಾಲಿಗೆ ವಿದೇಶಿ ಮುದುಕರೊಬ್ಬರು ಬಂದು, ಚಪ್ಪಲಿ ಕಳಚಿ, ಯಾರನ್ನೂ ಕೇಳದೆ ಹಗ್ಗಕ್ಕೆ ಕೈ ಹಾಕಿಯೇಬಿಟ್ಟರು. ಶಾಲಾ ಮಾಸ್ತರನಾದ ನಾನೂ ಹುರುಪಿನಿಂದ ಅವರ ಹಿಂದೆ ನಿಂತು ಹಗ್ಗ ಹಿಡಿದೆ.

ಬಲೆ ದಡ ಸೇರಿದ ಮೇಲೆ ಮುದುಕರು ಇಂಗ್ಲಿಷಿನಲ್ಲಿ ಪರಿಚಯ ಹೇಳಿಕೊಂಡರು. ಅವರು ಇಟಲಿಯವರು, ಜೀವನವಿಡೀ ಕಲಾತ್ಮಕ ಚಿತ್ರಗಳಲ್ಲೇ ನಟಿಸಿದವರು. ಮೊದಲ ಚಿತ್ರದಲ್ಲಿ ಮೀನುಗಾರನ ಪಾತ್ರ, ಅದಕ್ಕೇ ದೊಡ್ಡ ಪ್ರಶಸ್ತಿ. ಬಲೆ ಎಳೆಯುವ ಆ ದೃಶ್ಯದ ಫೋಟೊ ಮೊಬೈಲಿನಲ್ಲಿತ್ತು. ಬಲೆಯ ಯಜಮಾನ ಗಣಪಣ್ಣ ಅದನ್ನು ಕಣ್ಣಿಗೆ ಹತ್ತಿರ ಹಿಡಿದು, "ಮುಖ ಚಲೋ ಅದೆ. ಆದ್ರೆ ಹಗ್ಗ ಸಡ್ಲ ಅದ್ಯಲ್ರಾ! ಆ ಬದಿಗೆ ಬಲೆನೇ ಇಲ್ಲ" ಎಂದರು.

ಅಳುಕುತ್ತಲೇ ಅನುವಾದಿಸಿದೆ. ಮುದುಕರು ಬಿದ್ದು ಬಿದ್ದು ನಕ್ಕರು. ನಿಜಕ್ಕೂ ಬಲೆ ಇರಲಿಲ್ಲವಂತೆ; ಇಷ್ಟು ವರ್ಷ ಯಾವ ವಿಮರ್ಶಕನಿಗೂ ಅದು ಕಂಡಿರಲಿಲ್ಲವಂತೆ.

ಹಗ್ಗ ಹಿಡಿದವರಿಗೆಲ್ಲ ಮೀನಿನ ಪಾಲು ಕೊಡುವುದು ರಂಪಣಿಯ ಪದ್ಧತಿ. ಗಣಪಣ್ಣ ಮುದುಕರ ಟೋಪಿ ತುಂಬ ಬಂಗಡೆ ಸುರಿದರು. ಆಮೇಲೆ ನನ್ನ ಕೈಗೆ ಒಂದೇ ಒಂದು ಬಂಗಡೆ ಇಟ್ಟು, "ತಕಳಿ ಮಾಸ್ತರ್ರೆ, ನೀವೂ ಆ್ಯಕ್ಟಿಂಗ್ ಚಲೋ ಮಾಡಿದ್ರಿ" ಎಂದರು.

ನಟನೆಗೆಂದು ನನಗೆ ಸಿಕ್ಕ ಆ ಏಕೈಕ ಪ್ರಶಸ್ತಿಯನ್ನು ಅಂದೇ ಮಧ್ಯಾಹ್ನ ಮನೆಯಲ್ಲಿ ಹುರಿದು ತಿಂದೆ.