ಚಾಚಾನ ರಟ್ಟು

ಶಾಲೆಯ ಮಕ್ಕಳಿಗೆ ತೋರಿಸಲೆಂದು ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆದು ಎರಡು ಸಣ್ಣ ಅಯಸ್ಕಾಂತ ಮಾಡಿದ್ದೆ. ಅಂಟಿಕೊಳ್ಳಬೇಕಾದವು, ತೀರ ಹತ್ತಿರ ಬಂದೊಡನೆ ಸಿಡಿದು ಪರದೆಯಾಚೆ ಹಾರುತ್ತಿದ್ದವು. ನನ್ನ ಲೆಕ್ಕವಂತೂ ಸರಿ ಇತ್ತು.

ಇರಕಲ್ಲಗಡದಲ್ಲಿ ಸ್ಪೀಕರ್ ರಿಪೇರಿಗೆ ಕೊಟ್ಟು ಕೂತಲ್ಲೇ ಲ್ಯಾಪ್‌ಟಾಪಿನಲ್ಲಿ ಆ ಪ್ರೋಗ್ರಾಂ ತಿದ್ದುತ್ತಿದ್ದೆ. ಅಂಗಡಿಯ ಚಾಚಾ ಇಣುಕಿ ನೋಡಿ, “ನಡುವ ರಟ್ಟು ಇಟ್ಟೀರೇನ್ರಿ?” ಅಂದರು.

“ಕಂಪ್ಯೂಟರ್‌ನ್ಯಾಗ ರಟ್ಟು ಯಾಕ್ರಿ ಚಾಚಾ?” ಅಂತ ನಕ್ಕೆ.

ಅವರು ಡಬ್ಬಿ ತೆಗೆದು ತೋರಿಸಿದರು. ಹಳೇ ಸ್ಪೀಕರಿನ ಅಯಸ್ಕಾಂತಗಳು, ಪ್ರತಿ ಎರಡರ ನಡುವೆ ರಟ್ಟಿನ ತುಂಡು. “ಪೂರಾ ಹತ್ರ ಬಿಟ್ರ ಹುಚ್ಚು ಹಿಡದಂಗ ಬಡಕೊಂಡು ಒಡೀತಾವ್ರಿ.”

ನನ್ನ ಸೂತ್ರದಲ್ಲೂ ಅಂತರ ಸೊನ್ನೆಯಾದಂತೆ ಬಲ ಹುಚ್ಚೆದ್ದು ಏರಿ, ಎರಡನ್ನೂ ಒಂದನ್ನೊಂದು ದಾಟಿಸಿ ಆಚೆ ಎಸೆಯುತ್ತಿತ್ತು. ಅಂತರ ರಟ್ಟಿನ ದಪ್ಪಕ್ಕಿಂತ ಕಡಿಮೆಯಾಗದಂತೆ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದೆ. ಎರಡೂ ತೆಪ್ಪಗೆ ಕೂತವು.

ಲೆಕ್ಕ ಸರಿಯೇ ಇತ್ತು ಅಂತ ಈಗಲೂ ಹೇಳುತ್ತೇನೆ. ಆ ಸಾಲಿನ ಹೆಸರು ಮಾತ್ರ ‘ಚಾಚಾನ ರಟ್ಟು’.