ಇನ್ನೊಮ್ಮೆ ಹೇಳಿ ಅನ್ನುವ ಮಾತು ಕಲಿತೆ

ಜಪಾನಿನ ಅಂಗಡಿಯಲ್ಲಿ ಮೊದಲ ದಿನ ನಾನು ಕಂಡದ್ದು ಬಸಳೆ. ಕೋಟದ ನಮ್ಮ ಬಾವಿಕಟ್ಟೆಯ ಪಕ್ಕ ಚಪ್ಪರಕ್ಕೆ ಹಬ್ಬುವ ಅದೇ ಬಸಳೆ, ಇಲ್ಲಿ ನಾಲ್ಕೇ ಕುಡಿ, ಪ್ಲಾಸ್ಟಿಕ್ ತೊಟ್ಟೆಯೊಳಗೆ. ಊರಿನವರೇ ಸಿಕ್ಕಿದ ಹಾಗೆ ಕಣ್ಣು ತುಂಬಿತು. ಬೆಲೆ ಕೇಳಲು ಮಾತ್ರ ಭಾಷೆ ಇರಲಿಲ್ಲ.

ಮಗಳು ಇಲ್ಲಿ ವೃದ್ಧಾಶ್ರಮದಲ್ಲಿ ನರ್ಸು. ಐದು ವರ್ಷದ ಮೊಮ್ಮಗಳು ಚಿನ್ನುವನ್ನು ನೋಡಿಕೊಳ್ಳಲು ನಾನು ಬಂದೆ; ಈಗ ಅವಳೇ ನನ್ನನ್ನು ನೋಡಿಕೊಳ್ಳುತ್ತಾಳೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಇಂಥ ಚಂದದ ಟೀಚರು ಸಿಕ್ಕಿದ ಸಂತೋಷವನ್ನು ಯಾರಿಗೆ ಹೇಳಲಿ.

“ಅಮ್ಮಮ್ಮ, ಅರ್ಥ ಆಗ್ದಿರೆ ‘ಕುರಿಕಾಯೆಶಿತೆ ಕುದಸಾಯಿ’ ಹೇಳ್ಕ್. ತಲೆ ಬಗ್ಸಿ ಹೇಳ್ಕ್, ಇಲ್ದಿರೆ ಗದರ್ಸಿದ್ ಹಾಂಗ್ ಆತ್ತ್.”

‘ಕುರಿಕಾಯೆಸು’ ಅಂದರೆ ಮಾಡಿದ್ದನ್ನೇ ತಿರುಗಿ ಮಾಡುವುದು. ‘ಕುದಸಾಯಿ’ ಸೇರಿಸಿದರೆ, ದಯಮಾಡಿ ಇನ್ನೊಮ್ಮೆ ಎಂದು ಕೇಳಿದಂತೆ. ನನಗೆ ಬರುವ ಜಪಾನಿ ಅಷ್ಟೇ.

ಆ ಒಂದೇ ಮಾತಿನಲ್ಲಿ ಪಕ್ಕದ ಮನೆಯ ಯೊಶಿಕೊ ಅಕ್ಕನ ಸ್ನೇಹವಾಯಿತು. ಮಧ್ಯಾಹ್ನ ಬೇಲಿಯ ಹತ್ತಿರ ನಾನು “ಊಟ ಆಯ್ತಾ?” ಎನ್ನುವುದು, ಅವರು ಏನೋ ಹೇಳುವುದು, ನಾನು ತಲೆ ಬಗ್ಗಿಸಿ ಇನ್ನೊಮ್ಮೆ ಹೇಳಿ ಎನ್ನುವುದು. ಅವರು ಹೇಳುತ್ತಿದ್ದರು. ಆಗಲೂ ತಿಳಿಯದೆ ಇಬ್ಬರೂ ನಗುತ್ತಿದ್ದೆವು.

ಒಂದು ದಿನ ಅವರ ಗಂಡ ತೀರಿಕೊಂಡರು. ಮಗಳೊಂದಿಗೆ ಹೋದೆ. ನಮ್ಮೂರಲ್ಲಾದರೆ ಸಾವಿನ ಮನೆ ಯಾವುದೆಂದು ದೂರದಿಂದಲೇ ಅಳು ಹೇಳುತ್ತದೆ. ಇಲ್ಲಿ ಕಪ್ಪು ಬಟ್ಟೆಯವರು ಸದ್ದಿಲ್ಲದೆ ಕೂತಿದ್ದರು. ಯೊಶಿಕೊ ಅಕ್ಕ ನನ್ನ ಕೈ ಹಿಡಿದು ಏನೋ ಹೇಳಿದರು. ನಾನು ತಲೆ ಬಗ್ಗಿಸಿ, ಕಲಿತ ಮಾತನ್ನು ಒಂದಕ್ಷರ ತಪ್ಪದೆ ಹೇಳಿದೆ.

ಕೂತವರೆಲ್ಲ ನನ್ನತ್ತ ತಿರುಗಿದರು. ಆದರೂ ಯೊಶಿಕೊ ಅಕ್ಕ ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದರು.

“ಅಮ್ಮ, ಸಾವಿನ್ ಮನೇಲಿ ಆ ಮಾತ್ ಹೇಳುಕಾಗ,” ಎಂದಳು ಮಗಳು, ಹೊರಗೆ ಬಂದ ಮೇಲೆ. “ಸಾವ್ ತಿರ್ಗಿ ಬತ್ತ್ ಅಂಬ್ರ್.”

“ಅವ್ರ್ ಹೇಳಿದ್ದ್ ಎಂತ?”

“ಬೆಳಿಗ್ಗೆ ಕರ್ದೆ, ಏಳ್ಲಿಲ್ಲ ಅಂದ್ರ್.”

ನಮ್ಮಲ್ಲೂ ಸಾವಿನ ಮನೆಯಿಂದ ‘ಹೋಗಿ ಬತ್ತೆ’ ಅನ್ನದೆ ಹೊರಡುತ್ತೇವೆ. ಅದನ್ನು ಮರೆಯದೆ ನಾನು ಬಾಯಿ ಮುಚ್ಚಿಯೇ ಹೊರಟಿದ್ದೆ. ಮುಚ್ಚಬೇಕಾದ ಹೊತ್ತು ಅದಕ್ಕೂ ಮೊದಲೇ ಕಳೆದಿತ್ತು. ತಪ್ಪಾಯಿತು ಎನ್ನಲು ಹೋದರೆ ನನ್ನ ಬಾಯಲ್ಲಿ ಇದ್ದದ್ದು ಅದೊಂದೇ ಮಾತು. ಎಷ್ಟೋ ದಿನ ಬೇಲಿಯ ಹತ್ತಿರ ಸುಳಿಯಲಿಲ್ಲ.

ಕಡೆಗೆ ಅವರೇ ಬಂದರು, ತಮ್ಮ ಹಿತ್ತಲಿನ ಬಸಳೆ ಒಂದು ತೋಳು ತುಂಬ ಹಿಡಿದು. “ಊಟ ಆಯ್ತಾ?” ಎಂದುಬಿಟ್ಟೆ. ಅವರು ನನ್ನ ಹಾಗೆಯೇ ತಲೆ ಬಗ್ಗಿಸಿ, “ಕುರಿಕಾಯೆಶಿತೆ ಕುದಸಾಯಿ” ಎಂದರು. ಹೇಳಿದೆ. ಮತ್ತೆ ಕೇಳಿದರು. ಮತ್ತೆ ಹೇಳಿದೆ.

ಅದೇ ಸಂಜೆ ಕೋಟದಿಂದ ತಂಗಿಯ ಫೋನು. “ಅಕ್ಕ, ಬಸಳೆ ಚಪ್ಪರ ಬಿದ್ದೋಯ್ತ್. ಯಾವಾಗ್ ಬಪ್ಪುದ್ ನೀನ್?”

ಸರಿಯಾಗಿಯೇ ಕೇಳಿಸಿತ್ತು.

“ಎಂತ ಹೇಳ್ದೆ? ಇನ್ನೊಂದ್ ಸಲ ಹೇಳ್,” ಎಂದೆ.